ಬ್ಯಾಂಕಿನ ಹೊಟ್ಟೆಯ ಕೆಳಗೆ

"ಇದಕ್ಕೆ ಬಾಗಿಲು ಎಲ್ಲಿ ಉಂಟು ಮಾರಾಯ್ತಿ?"

ಅಪ್ಪ ಹಾಂಗ್‌ಕಾಂಗಿಗೆ ಬಂದ ಎರಡನೇ ದಿನ ಕೇಳಿದ ಪ್ರಶ್ನೆ ಇದು. ನಾವು ಆಗ ಎಚ್‌ಎಸ್‌ಬಿಸಿ ಬ್ಯಾಂಕಿನ ಕಟ್ಟಡದ ಕೆಳಗೆ ನಿಂತಿದ್ದೆವು. ಎದುರಿಗಲ್ಲ, ಸರಿಯಾಗಿ ಕೆಳಗೆ. ಆ ಕಟ್ಟಡಕ್ಕೆ ನೆಲಮಹಡಿ ಅನ್ನುವುದೇ ಇಲ್ಲ. ಕ್ವೀನ್ಸ್ ರೋಡಿನ ಕಡೆಯಿಂದ ಹೊಕ್ಕರೆ ಟ್ರ್ಯಾಮ್ ಓಡುವ ರಸ್ತೆಯ ಕಡೆ ಹೊರಗೆ ಬರಬಹುದು. ನಡುವೆ ಗೋಡೆ ಇಲ್ಲ, ಗೇಟಿಲ್ಲ, ಯಾರು ಬೇಕು ಅಂತ ಕೇಳುವ ಗನ್‌ಮ್ಯಾನ್ ಇಲ್ಲ. ತಲೆ ಎತ್ತಿದರೆ ನಾಲ್ಕೈದು ಆಳೆತ್ತರಕ್ಕೂ ಮೇಲೆ, ದೋಣಿಯ ಅಡಿಯ ಹಾಗೆ ಬಾಗಿದ ಗಾಜು. ಆ ಗಾಜನ್ನು ತೂರಿಕೊಂಡು ಎರಡು ಎಸ್ಕಲೇಟರುಗಳು ಓರೆಯಾಗಿ ಮೇಲೆ ಹೋಗುತ್ತವೆ. ಬ್ಯಾಂಕು ಶುರುವಾಗುವುದು ಅಲ್ಲಿಂದ.

ಅಪ್ಪ ಮೂವತ್ತಾರು ವರ್ಷ ಕರಾವಳಿಯ ಒಂದು ಬ್ಯಾಂಕಿನಲ್ಲಿ ದುಡಿದವರು. ಅದರಲ್ಲಿ ಜಾಸ್ತಿ ವರ್ಷ ಹೆಡ್ ಕ್ಯಾಷಿಯರ್. ಅವರ ಲೆಕ್ಕದಲ್ಲಿ ಬ್ಯಾಂಕು ಅಂದರೆ ಮೊದಲು ಬಾಗಿಲು. ಹೊರಗೆ ಶಟರು, ಅದರ ಒಳಗೆ ಎಳೆಯುವ ಕಬ್ಬಿಣದ ಗೇಟು, ಆಮೇಲೆ ಕೌಂಟರಿನ ಜಾಲರಿ, ಜಾಲರಿಯ ಹಿಂದೆ ಕ್ಯಾಷ್ ಕ್ಯಾಬಿನ್ನು, ಎಲ್ಲಕ್ಕಿಂತ ಒಳಗೆ ಸೇಫ್ ರೂಮು. ಸೇಫಿಗೆ ಎರಡು ಕೀ. ಒಂದು ಮ್ಯಾನೇಜರ ಹತ್ತಿರ, ಒಂದು ಅಪ್ಪನ ಹತ್ತಿರ. ಇಬ್ಬರೂ ಇಲ್ಲದೆ ಅದು ತೆರೆಯುವುದಿಲ್ಲ. ಆ ಕೀಯಿಂದಾಗಿ ನಮ್ಮ ಮನೆಯಲ್ಲಿ ಎಷ್ಟು ಮದುವೆ ಊಟ ತಪ್ಪಿದೆ, ಎಷ್ಟು ಸಲ ಧರ್ಮಸ್ಥಳದ ಬಸ್ಸು ತಪ್ಪಿದೆ ಅಂತ ಅಮ್ಮನನ್ನು ಕೇಳಬೇಕು. ಕೀಯನ್ನು ಇನ್ನೊಬ್ಬರಿಗೆ ಬರೆದು ಒಪ್ಪಿಸದೆ ಅಪ್ಪ ಊರು ಬಿಟ್ಟವರಲ್ಲ. ಅಂಥವರನ್ನು ಕರೆದುಕೊಂಡು ಹೋಗಿ ಬಾಗಿಲೇ ಇಲ್ಲದ ಬ್ಯಾಂಕಿನ ಕೆಳಗೆ ನಿಲ್ಲಿಸಿದ್ದೆ.

ನಾನು ಆ ಊರಿನಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಬೇರೆ ಒಂದು ಕಂಪನಿಯ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ದಿನಾ ಬೆಳಿಗ್ಗೆ ಆಫೀಸಿಗೆ ಅಡ್ಡದಾರಿ ಅಂತ ಆ ಕಟ್ಟಡದ ಹೊಟ್ಟೆಯ ಕೆಳಗೆ ಹಾದು ಹೋಗುತ್ತಿದ್ದೆ. ಮೊದಲ ವಾರ ಅದು ಬ್ಯಾಂಕು ಅಂತಲೇ ತಿಳಿದಿರಲಿಲ್ಲ, ಯಾವುದೋ ಸ್ಟೇಷನ್ನಿರಬೇಕು ಅಂದುಕೊಂಡಿದ್ದೆ. ತಿಳಿದ ಮೇಲೆ ಒಂದು ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅಂಗೈ ಅಗಲ ಜಾಗಕ್ಕೂ ಕಾಸು ಎಣಿಸುವ ಊರು ಅದು. ಅಲ್ಲಿ, ಎಲ್ಲಕ್ಕಿಂತ ಬೆಲೆಬಾಳುವ ನೆಲವನ್ನು, ಅದೂ ಒಂದು ಬ್ಯಾಂಕು, ಖಾಲಿ ಬಿಟ್ಟಿದ್ದೇಕೆ?

ನೆಲುವಿಗೆ ಹಾಕಿದ ಮಡಕೆಗಳು

ಅದೇ ಜಾಗದಲ್ಲಿ ಆ ಬ್ಯಾಂಕಿನ ಹಳೆಯ ಕಟ್ಟಡಗಳಿದ್ದವು. 1886ರಲ್ಲಿ ಒಂದು, ಅದನ್ನು ಕೆಡವಿ 1935ರಲ್ಲಿ ಇನ್ನೊಂದು. 1935ರದ್ದು ಕಲ್ಲಿನ ಮುಖದ, ಎದೆ ಸೆಟೆದು ಕೂತ ಕಟ್ಟಡ. ನೋಡಿದ ಕೂಡಲೇ ಬ್ಯಾಂಕು ಅಂತ ತಿಳಿಯುವಂಥದ್ದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅದು ಸಾಲದಾಯಿತು. 1979ರಲ್ಲಿ ಬ್ಯಾಂಕು ಏಳು ವಾಸ್ತುಶಿಲ್ಪಿ ಸಂಸ್ಥೆಗಳನ್ನು ಕರೆದು ಸ್ಪರ್ಧೆ ಇಟ್ಟಿತು. ಗೆದ್ದವರು ಇಂಗ್ಲೆಂಡಿನ ನಾರ್ಮನ್ ಫೋಸ್ಟರ್. ತಮಾಷೆ ಏನೆಂದರೆ ಅವರು ಅಲ್ಲಿಯವರೆಗೆ ಗಗನಚುಂಬಿ ಬಿಡಿ, ನಾಲ್ಕು ಮಹಡಿ ದಾಟಿದ ಕಟ್ಟಡ ಕಟ್ಟಿದವರಲ್ಲ. ನಮ್ಮಲ್ಲಾದರೆ ಟೆಂಡರಿನ ಮೊದಲ ಷರತ್ತಿನಲ್ಲೇ ಔಟ್. ಇಂಥದ್ದೇ ಕೆಲಸ ಮೊದಲು ಮಾಡಿ ತೋರಿಸಿದ ಸರ್ಟಿಫಿಕೇಟ್ ತಾ ಅನ್ನುತ್ತಿದ್ದರು.

ಬ್ಯಾಂಕಿನ ಒಂದು ಆಸೆ, ಹಳೆಯ ಕಟ್ಟಡದಲ್ಲಿ ಕೆಲಸ ನಿಲ್ಲಬಾರದು ಅನ್ನುವುದು. ಹಾಗಾದರೆ ಹಳೆಯದರ ತಲೆಯ ಮೇಲೆ ಸೇತುವೆ ಕಟ್ಟಿದ ಹಾಗೆ ಹೊಸದನ್ನು ಕಟ್ಟೋಣ, ಆಮೇಲೆ ಕೆಳಗಿನದನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯೋಣ ಅಂತ ಫೋಸ್ಟರ್ ತಂಡ ಯೋಚಿಸಿತು. ಕೊನೆಗೆ ಬ್ಯಾಂಕು ಮನಸ್ಸು ಬದಲಿಸಿ 1981ರಲ್ಲಿ ಹಳೆಯದನ್ನು ಪೂರ್ತಿ ಕೆಡವಿಸಿತು. ಸೇತುವೆ ಬೇಕಾಗಿದ್ದ ಕಾರಣವೇ ಹೋಯಿತು, ಆದರೆ ಸೇತುವೆ ಉಳಿಯಿತು. ನನಗೆ ಈ ಕತೆ ತುಂಬ ಇಷ್ಟ. ಕಾರಣ ಸತ್ತ ಮೇಲೂ ಬದುಕಿರುವ ಕೋಡ್ ನಮ್ಮ ಸಾಫ್ಟ್‌ವೇರಿನಲ್ಲೂ ಎಷ್ಟಿಲ್ಲ! ಅದನ್ನು ಯಾರಾದರೂ ಮುಟ್ಟಿದರೆ ಎಲ್ಲವೂ ಬಿದ್ದುಹೋಗುತ್ತದೆ. ಇಲ್ಲೂ ಹಾಗೇ. ಈಗ ಆ ಕಟ್ಟಡ ನಿಂತಿರುವುದೇ ಆ ಸೇತುವೆಯ ಮೇಲೆ.

ನಿಂತಿರುವುದು ಅಂದೆ, ನೇತಾಡುತ್ತಿರುವುದು ಅನ್ನಬೇಕಿತ್ತು. ಸಾಮಾನ್ಯ ಎತ್ತರದ ಕಟ್ಟಡದಲ್ಲಿ ನಡುವೆ ಒಂದು ಕಾಂಕ್ರೀಟ್ ಕೊಳವೆ ಇರುತ್ತದೆ. ಲಿಫ್ಟು, ಮೆಟ್ಟಿಲು, ಕಕ್ಕಸು ಎಲ್ಲ ಅದರೊಳಗೆ. ಮಹಡಿಗಳು ಅದರ ಸುತ್ತ. ಇಲ್ಲಿ ನಡುವೆ ಏನೂ ಇಲ್ಲ. ನಾಲ್ಕು ನಾಲ್ಕು ಉಕ್ಕಿನ ಕೊಳವೆಗಳನ್ನು ಕಟ್ಟುಕಟ್ಟಾಗಿ ಸೇರಿಸಿ ಎಂಟು ಕಂಬ ಮಾಡಿದ್ದಾರೆ. ಎರಡು ಸಾಲು, ಸಾಲಿಗೆ ನಾಲ್ಕು. ಕಂಬದಿಂದ ಕಂಬಕ್ಕೆ ಐದು ಎತ್ತರದಲ್ಲಿ ಭಾರಿ ಟ್ರಸ್‌ಗಳು, ಅಂದರೆ ಉಕ್ಕಿನ ತೊಲೆಚೌಕಟ್ಟುಗಳು, ಅಂಗಿ ನೇತುಹಾಕುವ ಹ್ಯಾಂಗರಿನ ಆಕಾರದವು. ಒಂದೊಂದು ಟ್ರಸ್ಸಿನಿಂದ ಕೆಳಗೆ ಒಂದೊಂದು ಗುಂಪು ಮಹಡಿಗಳು ಇಳಿಬಿದ್ದಿವೆ. ಬರೆದವರೆಲ್ಲ ಹ್ಯಾಂಗರ್ ಅಂತಲೇ ಹೇಳುತ್ತಾರೆ. ಅಪ್ಪ ಮಾತ್ರ ನಾನು ಫೋನಿನಲ್ಲಿ ಚಿತ್ರ ಬರೆದು ವಿವರಿಸಿದಾಗ, "ಓ, ನೆಲುವು" ಅಂದುಬಿಟ್ಟರು. ಅಜ್ಜಿಯ ಅಡುಗೆಮನೆಯಲ್ಲಿ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಮೊಸರಿನ ಮಡಕೆ, ಅದರ ಕೆಳಗೆ ಬೆಣ್ಣೆಯದು, ಅದರ ಕೆಳಗೆ ಇನ್ನೊಂದು. ಭಾರವೆಲ್ಲ ತೊಲೆಯ ಮೇಲೆ. ಕೆಳಗೆ ನೆಲ ಖಾಲಿ, ಬೆಕ್ಕು ಓಡಾಡಬಹುದು. ಇಷ್ಟು ಸರಿಯಾದ ಮಾತನ್ನು ನಾನು ಆ ಕಟ್ಟಡದ ಬಗ್ಗೆ ಬೇರೆಲ್ಲೂ ಕೇಳಿಲ್ಲ.

ಹಾಗೆ ನೇತುಹಾಕಿದ್ದರಿಂದಲೇ ಕೆಳಗಿನ ನೆಲವನ್ನು ಬಿಡಲು ಆಯಿತು. ಬ್ಯಾಂಕೇನೂ ಪುಣ್ಯಕ್ಕೆ ಬಿಡಲಿಲ್ಲ ಅನ್ನಿ. ನೆಲವನ್ನು ಸಾರ್ವಜನಿಕರ ಓಡಾಟಕ್ಕೆ ಬಿಟ್ಟದ್ದಕ್ಕೆ ಬದಲಾಗಿ ಮೇಲೆ ಹೆಚ್ಚು ಕಟ್ಟುವ ಅನುಮತಿ ಸಿಕ್ಕಿತು. ಲೆಕ್ಕ ಲೆಕ್ಕವೇ. ಕರಾವಳಿಯವಳಾದ ನನಗೆ ಈ ವ್ಯವಹಾರ ಅರ್ಥವಾಗುತ್ತದೆ. ಆದರೂ ಅನುಮತಿಗಾಗಿ ಬಿಟ್ಟ ಜಾಗಕ್ಕೆ ಎಷ್ಟೋ ಕಡೆ ಆಮೇಲೆ ಸರಪಳಿ ಬೀಳುತ್ತದೆ, ಹೂಕುಂಡ ಬರುತ್ತದೆ, ಕೊನೆಗೆ ಪೇ ಪಾರ್ಕಿಂಗ್ ಬೋರ್ಡು ಬರುತ್ತದೆ. ಇಲ್ಲಿ ಹಾಗಾಗಲಿಲ್ಲ.

ಫೆಂಗ್ ಶುಯಿ, ಅಂದರೆ ಚೀನೀಯರ ವಾಸ್ತು, ಅದರ ಪಂಡಿತರ ಮಾತೂ ಇದರಲ್ಲಿ ಸೇರಿತ್ತು. ಆ ಎಸ್ಕಲೇಟರುಗಳು ರಸ್ತೆಗೆ ನೇರವಾಗಿಲ್ಲದೆ ಓರೆಯಾಗಿರುವುದು ಅವರು ಹೇಳಿದ್ದಕ್ಕೇ. ಬ್ಯಾಂಕಿನ ಎದುರಿನಿಂದ ಸಮುದ್ರದ ಕಡೆಗಿನ ಚೌಕವನ್ನು ಖಾಲಿ ಇಡಬೇಕು ಅಂತ ಸರ್ಕಾರದ ಜೊತೆ ಬ್ಯಾಂಕು ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಒಪ್ಪಂದ ಮಾಡಿಕೊಂಡಿತ್ತು. ಎದುರಿಗೆ ನೀರು ಕಂಡರೆ ದುಡ್ಡು ಬರುತ್ತದೆ ಅನ್ನುವುದು ಅಲ್ಲಿನ ನಂಬಿಕೆ. ನಾನು ನಗಲಿಲ್ಲ. ಮನೆ ಕಟ್ಟಿ ಮುಗಿದ ಮೇಲೆ ವಾಸ್ತು ನೆನಪಾಗಿ ಹೊಸ ಬಾಗಿಲು ಒಡೆಸುವವರ ನಡುವೆ ಬೆಳೆದವಳು ನಾನು. ಇವರು ಕನಿಷ್ಠ ಮೊದಲೇ ಕೇಳಿದ್ದಾರೆ, ಅಲ್ವಾ?

ಗಂಡ ಹೆಂಡತಿ ತೋಡಿದ ಗುಂಡಿ

ಈ ಕಟ್ಟಡದ ಬಗ್ಗೆ ಓದುತ್ತಾ ಹೋದರೆ ಭೂಪಟ ಓದಿದ ಹಾಗೆ ಆಗುತ್ತದೆ. ಉಕ್ಕು ಬಂದದ್ದು ಬ್ರಿಟನ್ನಿನಿಂದ, ಗ್ಲಾಸ್ಗೋ ಹತ್ತಿರದ ಹಡಗು ಕಟ್ಟುವವರೂ ಅದರಲ್ಲಿ ಕೈಯಾಡಿಸಿದ್ದಾರೆ. ಅದರ ಮೇಲಿನ ಅಲ್ಯೂಮಿನಿಯಂ ಹೊದಿಕೆ ಅಮೆರಿಕದ ಸೇಂಟ್ ಲೂಯಿಯಿಂದ. ಕಕ್ಕಸು ಮತ್ತು ಏಸಿ ಯಂತ್ರಗಳ ಡಬ್ಬಿಗಳು ನಲ್ಲಿ, ಕನ್ನಡಿ ಸಮೇತ ಪೂರ್ತಿ ತಯಾರಾಗಿ ಜಪಾನಿನಿಂದ ಹಡಗಿನಲ್ಲಿ ಬಂದವು, ಕ್ರೇನಿನಲ್ಲಿ ಎತ್ತಿ ಕಟ್ಟಡದ ಪಕ್ಕೆಗೆ ಒಂದರ ಮೇಲೊಂದು ಪೇರಿಸಿದರು. ಸುಮಾರು 30,000 ಟನ್ ಉಕ್ಕು, 4,500 ಟನ್ ಅಲ್ಯೂಮಿನಿಯಂ. ಎತ್ತರ 180 ಮೀಟರಿಗೆ ಸ್ವಲ್ಪ ಕಡಿಮೆ. ಖರ್ಚು 520 ಕೋಟಿ ಹಾಂಗ್‌ಕಾಂಗ್ ಡಾಲರ್. ಆ ಕಾಲಕ್ಕೆ ಜಗತ್ತಿನ ಅತಿ ದುಬಾರಿ ಕಟ್ಟಡ ಅಂತ ಹೆಸರಾಯಿತು. ಕಟ್ಟಡದ ದಕ್ಷಿಣದ ಮುಖಕ್ಕೆ ಕನ್ನಡಿಗಳಿವೆ. ಅವು ಸೂರ್ಯನ ಕಡೆ ತಿರುಗುತ್ತಾ ಬೆಳಕನ್ನು ಒಳಗೆ ತಳ್ಳುತ್ತವೆ, ಒಳಗಿನ ಇನ್ನೊಂದು ಸಾಲು ಕನ್ನಡಿ ಅದನ್ನು ಕೆಳಗೆ ಸುರಿಯುತ್ತದೆ. ಏಸಿಯ ಬಿಸಿ ಕಳೆಯುವುದಕ್ಕೆ ನೆಲದಡಿಯ ಸುರಂಗದಲ್ಲಿ ಸಮುದ್ರದ ನೀರು ಬರುತ್ತದೆ. ಇಂಜಿನಿಯರುಗಳು ಓವ್ ಅರಪ್ ಕಂಪನಿಯವರು. ಸಿಡ್ನಿಯ ಒಪೆರಾ ಹೌಸನ್ನು ನಿಲ್ಲಿಸಿದವರೂ ಅವರೇ.

ಇದೆಲ್ಲ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಬೇಕಾದಷ್ಟು ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಒಂದು ವಿಷಯ. ಈ ಯಂತ್ರದಂಥ ಕಟ್ಟಡದ ಪಾಯವನ್ನು ತೋಡಿದ್ದು ಯಂತ್ರಗಳಲ್ಲ, ಕೈಗಳು.

ಹಾಂಗ್‌ಕಾಂಗಿನಲ್ಲಿ ಆಗ ಅದೇ ರೂಢಿ. ಅಕ್ಕಪಕ್ಕದಲ್ಲಿ ಒತ್ತಿಕೊಂಡು ಕಟ್ಟಡಗಳು. ದೊಡ್ಡ ಯಂತ್ರ ತರಲು ಜಾಗವಿಲ್ಲ, ನೆಲ ಅದುರಿಸಿದರೆ ಪಕ್ಕದವನ ಗೋಡೆ ಬಿರಿಯುತ್ತದೆ. ಹಾಗಾಗಿ ಒಬ್ಬ ಮನುಷ್ಯ ಇಳಿದು ಗುಂಡಿ ತೋಡುತ್ತಿದ್ದ. ಒಂದು ಮೀಟರ್ ತೋಡುವುದು, ಸುತ್ತ ಕಾಂಕ್ರೀಟಿನ ಬಳೆ ಹಾಕುವುದು, ಮತ್ತೆ ಒಂದು ಮೀಟರ್. ಗಟ್ಟಿ ಬಂಡೆ ಸಿಗುವವರೆಗೂ ಹೀಗೇ. ಮೇಲೆ ನಿಂತವರು ಬಕೆಟ್ಟಿನಲ್ಲಿ ಮಣ್ಣು ಎಳೆದು ಹಾಕಬೇಕು, ಕೆಳಗೆ ಗಾಳಿ ಬಿಡಬೇಕು. ಎಷ್ಟೋ ಕಡೆ ಕೆಳಗೆ ಗಂಡ, ಮೇಲೆ ಹೆಂಡತಿ. ಹಗ್ಗದ ಒಂದು ತುದಿಯಲ್ಲಿ ನಿಮ್ಮ ಜೀವ ಇದ್ದರೆ ಇನ್ನೊಂದು ತುದಿಯನ್ನು ಯಾರ ಕೈಯಲ್ಲಿ ಕೊಡುತ್ತೀರಿ? ಅದಕ್ಕೇ ಇರಬೇಕು.

ನಮ್ಮ ಹಿತ್ತಿಲಿನಲ್ಲಿ ಬಾವಿ ತೋಡಿದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಇಬ್ಬರು ಅಣ್ಣತಮ್ಮಂದಿರು ಬಂದಿದ್ದರು. ತಮ್ಮ ಒಳಗೆ, ಅಣ್ಣ ರಾಟೆಯ ಹತ್ತಿರ. ಮುರಕಲ್ಲು ಮುಗಿದು ಜೇಡಿ ಬಂದಾಗ ಒಳಗಿದ್ದವನ ಕೂಗು ಮಂದವಾಗಿ ಬರುತ್ತಿತ್ತು, ಬೇರೆ ಯಾವುದೋ ಊರಿನಿಂದ ಕರೆದ ಹಾಗೆ. ನಾನು ಬಾವಿಕಟ್ಟೆಯ ಹತ್ತಿರ ಹೋಗಬಾರದು ಅಂತ ಅಮ್ಮ ಗೆರೆ ಎಳೆದಿದ್ದರು. ಗೆರೆಯ ಈಚೆ ಕೂತು ನಾನು ಅಣ್ಣನ ಮುಖ ನೋಡುತ್ತಿದ್ದೆ. ಅವನು ಇಡೀ ದಿನ ಒಂದು ಸಲವೂ ರಾಟೆಯಿಂದ ಕಣ್ಣು ತೆಗೆಯಲಿಲ್ಲ. ಬೀಡಿ ಹಚ್ಚುವಾಗಲೂ ತಗ್ಗಿ ಬಾವಿಯ ಕಡೆಗೇ ನೋಡುತ್ತಾ ಹಚ್ಚುತ್ತಿದ್ದ. ಬ್ಯಾಂಕಿರುವ ಸೆಂಟ್ರಲ್ ಪ್ರದೇಶದಲ್ಲಿ ಆ ಅಲ್ಯೂಮಿನಿಯಂ ಹೊದ್ದ ಕಂಬಗಳನ್ನು ನೋಡಿದಾಗಲೆಲ್ಲ ನನಗೆ ಅವುಗಳ ಬುಡದಲ್ಲಿ ಅವನ ಮುಖ ಕಾಣುತ್ತಿತ್ತು.

ನನ್ನ ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿಯ ಚಿಕ್ಕಪ್ಪ ಚಿಕ್ಕಮ್ಮ ಇದೇ ಕೆಲಸದವರು. ಯಾವ ಯಾವ ಕಟ್ಟಡ ಅಂತ ಅವರ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಚಿಕ್ಕಪ್ಪನ ಕೆಮ್ಮು ಮಾತ್ರ ಎಲ್ಲರಿಗೂ ನೆನಪಿದೆ. ಬಂಡೆ ಕೊರೆಯುವಾಗ ಏಳುವ ಧೂಳು ಆ ಕಿರಿದಾದ ಗುಂಡಿಯಿಂದ ಎಲ್ಲಿಗೆ ಹೋಗಬೇಕು? ಶ್ವಾಸಕೋಶಕ್ಕೇ. ಸಿಲಿಕೋಸಿಸ್ ಅಲ್ಲಿ ಇಡೀ ಒಂದು ಪೀಳಿಗೆಯ ಕಾಯಿಲೆ. 1995ರ ಹೊತ್ತಿಗೆ ಸರ್ಕಾರ ಕೈಯಿಂದ ತೋಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಅಷ್ಟರಲ್ಲಿ ಬ್ಯಾಂಕು ಎದ್ದು ಹತ್ತು ವರ್ಷವಾಗಿತ್ತು.

ನಾವು ಎಲ್ಲಿಗೂ ಹೋಗುವುದಿಲ್ಲ

ಬ್ಯಾಂಕುಗಳು ದೊಡ್ಡ ಕಟ್ಟಡ ಕಟ್ಟುವುದು ಒಂದು ಮಾತು ಹೇಳುವುದಕ್ಕೆ. "ನಾವು ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ದುಡ್ಡು ಇಡಿ." ಹಾಂಗ್‌ಕಾಂಗಿನಲ್ಲಿ ಎಂಬತ್ತರ ದಶಕದಲ್ಲಿ ಆ ಮಾತಿಗೆ ಇನ್ನೂ ಒಂದು ಅರ್ಥ ಇತ್ತು. 1997ರಲ್ಲಿ ಬ್ರಿಟಿಷರು ಊರನ್ನು ಚೀನಾಕ್ಕೆ ಬಿಟ್ಟುಕೊಡಬೇಕೋ ಏನು ಅಂತ ಯಾರಿಗೂ ತಿಳಿಯದ ಕಾಲ. 1983ರ ಸೆಪ್ಟೆಂಬರಿನಲ್ಲಿ ಅಲ್ಲಿನ ಡಾಲರ್ ಕುಸಿಯಿತು. ಜನ ಅಂಗಡಿಗೆ ನುಗ್ಗಿ ಅಕ್ಕಿ, ಎಣ್ಣೆ ಬಾಚಿಕೊಂಡರು. ಅಕ್ಟೋಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 7.80 ಅಂತ ಗಂಟು ಹಾಕಿದ ಮೇಲೇ ಅದು ನಿಂತದ್ದು. ಆ ಗಂಟು ಇವತ್ತಿಗೂ ಇದೆ. ಊರು ಹೀಗೆ ನಡುಗುತ್ತಿದ್ದಾಗ ಈ ಕಟ್ಟಡ ಏಳುತ್ತಿತ್ತು. 1984ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಚೀನಾ ಸಹಿ ಹಾಕಿದವು, 1986ರ ಏಪ್ರಿಲಿನಲ್ಲಿ ಕಟ್ಟಡದ ಉದ್ಘಾಟನೆ ಆಯಿತು.

ಆದರೆ ಜನ ಎಲ್ಲಿಯೂ ಜನವೇ. ಈ ಕಟ್ಟಡ ಇಷ್ಟೊಂದು ತುಂಡುಗಳಾಗಿ ಬಂದು ಜೋಡಣೆಯಾಗಿದ್ದೇ ಬೇಕಾದಾಗ ಬಿಚ್ಚಿ ಹಡಗಿಗೆ ಹಾಕಿಕೊಂಡು ಹೋಗಲಿಕ್ಕೆ ಅಂತ ಸುದ್ದಿ ಹಬ್ಬಿಸಿದರು. ಇನ್ನೊಂದು ಕತೆ 1990ರಲ್ಲಿ ಪಕ್ಕದಲ್ಲಿ ಎದ್ದ ಬ್ಯಾಂಕ್ ಆಫ್ ಚೀನಾ ಗೋಪುರದ್ದು. ವಾಸ್ತುಶಿಲ್ಪಿ ಐ.ಎಂ.ಪೇ ಮಾಡಿದ ಆ ಕಟ್ಟಡದ ಅಂಚುಗಳು ಕತ್ತಿಯ ಹಾಗೆ ಚೂಪು. ಆ ಕತ್ತಿ ತಿರುಗಿರುವುದು ನಮ್ಮ ಕಡೆಗೇ ಅಂತ ಎಚ್‌ಎಸ್‌ಬಿಸಿಯವರು ಮಾಡಿನ ಮೇಲೆ ಫಿರಂಗಿ ಇಟ್ಟರಂತೆ. ನೋಡಿದರೆ ಅವು ಕಿಟಕಿ ತೊಳೆಯುವವರ ತೊಟ್ಟಿಲು ಇಳಿಸುವ ಕ್ರೇನುಗಳು. ಫಿರಂಗಿಯ ಹಾಗೆ ಕಾಣುವುದಂತೂ ಹೌದು.

ಎದುರಿಗಿರುವ ಎರಡು ಕಂಚಿನ ಸಿಂಹಗಳ ಹೆಸರು ಸ್ಟೀಫನ್ ಮತ್ತು ಸ್ಟಿಟ್. ಬ್ಯಾಂಕಿನ ಇಬ್ಬರು ಹಳೆಯ ಅಧಿಕಾರಿಗಳ ಹೆಸರು ಅವು. ಒಂದು ಬಾಯಿ ಬಿಟ್ಟಿದೆ, ಇನ್ನೊಂದು ಸುಮ್ನೆ ಕೂತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕರಗಿಸಲು ಜಪಾನಿಗೆ ಸಾಗಿಸಿದ್ದರು, ಹೇಗೋ ಕರಗದೆ ಉಳಿದು ವಾಪಸು ಬಂದವು. ಮೈಮೇಲೆ ಗುಂಡಿನ ಚೂರು ಬಡಿದ ಗುರುತುಗಳಿವೆ. 2020ರ ಹೊಸ ವರ್ಷದ ದಿನ ಪ್ರತಿಭಟನೆಯಲ್ಲಿ ಅವಕ್ಕೆ ಬಣ್ಣ ಬಳಿದು ಬೆಂಕಿ ಹಚ್ಚಿದ್ದರು. ಆ ವರ್ಷ ಅಕ್ಟೋಬರಿನಲ್ಲಿ ರಿಪೇರಿಯಾಗಿ ಮತ್ತೆ ಬಂದು ಕೂತವು. ಗುಂಡಿನ ಗುರುತನ್ನು ಹಾಗೇ ಬಿಟ್ಟಿದ್ದಾರೆ.

ಸಿಂಹಗಳು ವಾಪಸು ಬಂದವು, ಹೆಡ್ಡಾಫೀಸು ಹೋಯಿತು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ ಬ್ಯಾಂಕನ್ನು ಕೊಂಡ ಮೇಲೆ 1993ರಲ್ಲಿ ಇಡೀ ಗುಂಪಿನ ಪ್ರಧಾನ ಕಚೇರಿ ಲಂಡನ್ನಿಗೆ ಹೊರಟಿತು. ಜಗತ್ತಿನ ಅತಿ ದುಬಾರಿ ಪ್ರಧಾನ ಕಚೇರಿ ಏಳೇ ವರ್ಷದಲ್ಲಿ ಏಷ್ಯಾದ ಕಚೇರಿ ಆಯಿತು. ಲಂಡನ್ನಿನಲ್ಲಿ ಕ್ಯಾನರಿ ವಾರ್ಫ್ ಅನ್ನುವಲ್ಲಿ ಮತ್ತೊಂದು ಗೋಪುರ ಕಟ್ಟಿದರು, ಅದೂ ಫೋಸ್ಟರ್ ಕಡೆಯವರದ್ದೇ, 2002ರಿಂದ ಅಲ್ಲಿದ್ದರು. ಸಿಂಹಗಳ ನಕಲನ್ನೂ ಮಾಡಿಸಿ ಬಾಗಿಲಲ್ಲಿ ಕೂರಿಸಿದರು. 2023ರಲ್ಲಿ ಅದನ್ನೂ ಬಿಡುತ್ತೇವೆ, ಇನ್ನೂ ಸಣ್ಣ ಕಟ್ಟಡಕ್ಕೆ ಹೋಗುತ್ತೇವೆ ಅಂತ ಹೇಳಿದರು.

ಇದನ್ನು ಓದಿದಾಗ ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಮ್ಮ ಊರಿನ ಕತೆ ಬೇರೆಯೇನು? ಒಂದೇ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು, 1969ರಲ್ಲಿ ಎರಡು, 1980ರಲ್ಲಿ ಇನ್ನೆರಡು. ಈಗ ಅದರಲ್ಲಿ ಹೆಸರು ಉಳಿದಿರುವುದು ಕೆನರಾ ಬ್ಯಾಂಕಿನದು ಮಾತ್ರ. ವಿಜಯಾ 2019ರ ಏಪ್ರಿಲ್ ಒಂದಕ್ಕೆ ಬೇರೆ ಬ್ಯಾಂಕಿನೊಳಗೆ ಸೇರಿ ಹೋಯಿತು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಮರುವರ್ಷ ಅದೇ ತಾರೀಖಿಗೆ. ಏಪ್ರಿಲ್ ಫೂಲ್ ದಿನ ನೋಡಿ ಮಾಡಿದರೋ ಏನೋ ಅಂತ ಅಪ್ಪ ಇವತ್ತಿಗೂ ಹೇಳುತ್ತಾರೆ. ಅವರ ಬ್ಯಾಂಕು ಆ ಮೂರರಲ್ಲಿ ಒಂದು. ಬ್ಯಾಂಕಿನ ಹೆಸರಿದ್ದ ಅವರ ಊಟದ ಬುತ್ತಿಚೀಲ ಇನ್ನೂ ಇದೆ, ಬ್ಯಾಂಕಿಲ್ಲ.

ಆ ಬ್ಯಾಂಕುಗಳು ಶುರುವಾದದ್ದು ಬಾಡಿಗೆಯ ಕೋಣೆಗಳಲ್ಲಿ, ಹಂಚಿನ ಮಾಡಿನ ಕೆಳಗೆ. 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ತೆಗೆದುಕೊಳ್ಳಲು ಬ್ಯಾಂಕೇ ಜನರ ಮನೆ ಬಾಗಿಲಿಗೆ ಹೋಯಿತು. ಮೀನು ಮಾರುವವಳಿಗೆ ಹೆಡ್ಡಾಫೀಸು ಎಷ್ಟು ಮಹಡಿ ಅಂತ ಗೊತ್ತಿರಬೇಕಾಗಿರಲಿಲ್ಲ. ಸಂಜೆ ಬರುವ ಪಿಗ್ಮಿ ಏಜೆಂಟಿನ ಮುಖ ಗೊತ್ತಿದ್ದರೆ ಸಾಕಿತ್ತು. ಕಟ್ಟಡಗಳು ಆಮೇಲೆ ಬಂದವು.

ಭಾನುವಾರ

ಶುಕ್ರವಾರ ಅಪ್ಪನನ್ನು ಎಸ್ಕಲೇಟರಿನಲ್ಲಿ ಮೇಲೆ ಕರೆದುಕೊಂಡು ಹೋಗಿದ್ದೆ. ಗಾಜಿನ ಹೊಟ್ಟೆಯನ್ನು ಸೀಳಿಕೊಂಡು ಒಳಗೆ ಹೋಗುವಾಗ ಅವರು ಪಕ್ಕದ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಮೇಲೆ ಹೋದರೆ ಹತ್ತು ಮಹಡಿಯಷ್ಟು ಎತ್ತರದ ಬಯಲು, ಮೇಲಿನಿಂದ ಕನ್ನಡಿಯ ಬೆಳಕು, ಸುತ್ತ ಮಹಡಿಗಳ ಅಂಚು. ನಾನು ಆ ಬೆಳಕಿನ ಬಗ್ಗೆ ಹೇಳಲು ಬಾಯಿ ತೆರೆದೆ. ಅಪ್ಪ ಆಗಲೇ ಕೌಂಟರುಗಳನ್ನು ಎಣಿಸುತ್ತಿದ್ದರು. ಜಾಲರಿ ಇಲ್ಲ ಅಂತ ಒಂದು ಸಲ ಹೇಳಿದರು. ಕ್ಯಾಷ್ ತರುವ ಬಾಗಿಲು ಯಾವುದಿರಬಹುದು ಅಂತ ಹುಡುಕಿದರು, ಸಿಗಲಿಲ್ಲ. ಕೆಳಗೆ ಬಂದ ಮೇಲೆ, "ಚಂದ ಉಂಟು. ಆದರೆ ಬ್ಯಾಂಕಿನ ಅಡಿ ಕಾಣಬಾರದಿತ್ತು" ಅಂದರು. ಹೊರಗೆ ಹೊರಟವರು ಲುಂಗಿ ಸರಿಮಾಡಿಕೊಂಡು ಹೊರಡಬೇಕು ಅನ್ನುವ ಧ್ವನಿಯಲ್ಲಿ.

ನಾನು ಅವರಿಗೆ ಭಾನುವಾರ ತೋರಿಸಬೇಕು ಅಂತಿದ್ದೆ.

ಭಾನುವಾರ ಆ ನೆಲದ ಮೇಲೆ ಒಂದು ಊರು ಏಳುತ್ತದೆ. ಹಾಂಗ್‌ಕಾಂಗಿನ ಮನೆಗಳಲ್ಲಿ ಕೆಲಸಕ್ಕಿರುವ ಹೆಂಗಸರು ಮೂರು ಲಕ್ಷಕ್ಕೂ ಜಾಸ್ತಿ. ಹೆಚ್ಚಿನವರು ಫಿಲಿಪೀನ್ಸ್, ಇಂಡೋನೇಷ್ಯಾದವರು. ಕೆಲಸದ ಮನೆಯಲ್ಲೇ ಇರಬೇಕು ಅನ್ನುವುದು ಕಾನೂನು. ವಾರಕ್ಕೆ ಒಂದು ದಿನ ರಜೆ. ಆ ದಿನ ಮನೆಯಲ್ಲಿ ಕೂತರೆ ಅದು ರಜೆ ಆಗುವುದಿಲ್ಲ, ಹೋಟೆಲಿನಲ್ಲಿ ಕೂತರೆ ಸಂಬಳ ಉಳಿಯುವುದಿಲ್ಲ. ಆದ್ದರಿಂದ ಅವರು ಇಲ್ಲಿಗೆ ಬರುತ್ತಾರೆ. ಬಿಸಿಲಿಲ್ಲ, ಮಳೆ ಬಡಿಯುವುದಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸುತ್ತಾರೆ, ಬದಿಗೆ ಮೊಣಕಾಲೆತ್ತರದ ಗೋಡೆಯನ್ನೂ ಮಾಡುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂರುತ್ತಾರೆ. ಊಟ, ಇಸ್ಪೀಟು, ಉಗುರಿಗೆ ಬಣ್ಣ, ಊರಿಗೆ ಕಳಿಸುವ ಸಾಮಾನಿನ ಪೆಟ್ಟಿಗೆ ಕಟ್ಟುವುದು, ಮಕ್ಕಳ ಜೊತೆ ವಿಡಿಯೋದಲ್ಲಿ ಮಾತು. ನೂರಾರು ಹೆಂಗಸರು ಒಟ್ಟಿಗೆ ಮಾತಾಡುವ ಸದ್ದು ಮೇಲಿನ ಗಾಜಿಗೆ ತಾಗಿ ಕೆಳಗೆ ಸುರಿಯುತ್ತಿರುತ್ತದೆ. ನಮ್ಮ ಊರ ಜಾತ್ರೆಯ ಗದ್ದಲ ನೆನಪಾಗುತ್ತದೆ.

2011ರ ಅಕ್ಟೋಬರಿನಿಂದ ಮರುವರ್ಷದ ಸೆಪ್ಟೆಂಬರ್‌ವರೆಗೆ ಇದೇ ನೆಲದಲ್ಲಿ ಬೇರೆ ಗುಂಪೊಂದು ಡೇರೆ ಹಾಕಿತ್ತು, ಬ್ಯಾಂಕುಗಳ ವಿರುದ್ಧ, ಬ್ಯಾಂಕಿನ ಅಡಿಯಲ್ಲೇ. ಅವರನ್ನು ಕೋರ್ಟಿನ ಆದೇಶ ತಂದು ಎಬ್ಬಿಸಿದರು. ಈ ಹೆಂಗಸರು ಯಾರ ವಿರುದ್ಧವೂ ಬರುವುದಿಲ್ಲ. ರಾತ್ರಿ ಹೋಗುತ್ತಾರೆ, ಮುಂದಿನ ಭಾನುವಾರ ಮತ್ತೆ ಬರುತ್ತಾರೆ.

ನಾನು ಅವರಲ್ಲಿ ಒಬ್ಬಳ ಪರಿಚಯ ಮಾಡಿಕೊಂಡಿದ್ದೆ. ಒಂದು ಸಲ ಮಳೆಗೆ ಸಿಕ್ಕಿ ನಿಂತಿದ್ದಾಗ ರಟ್ಟಿನ ಒಂದು ಮೂಲೆ ಹಿಡಿದುಕೋ ಅಂದಿದ್ದಳು, ಅಷ್ಟೇ ಪರಿಚಯ. ನಿನ್ನ ಖಾತೆ ಇದೇ ಬ್ಯಾಂಕಿನಲ್ಲಾ ಅಂತ ಒಮ್ಮೆ ಕೇಳಿದೆ. ಅವಳು ನಕ್ಕಳು. ಊರಿಗೆ ದುಡ್ಡು ಕಳಿಸುವುದು ಕೆಲವೇ ನಿಮಿಷ ದೂರದ ವರ್ಲ್ಡ್‌ವೈಡ್ ಹೌಸಿನಿಂದ. ಅಲ್ಲಿ ಸಣ್ಣ ಸಣ್ಣ ಮನಿ ಟ್ರಾನ್ಸ್‌ಫರ್ ಅಂಗಡಿಗಳು, ಫಿಲಿಪಿನೋ ಭಾಷೆಯಲ್ಲಿ ಬೋರ್ಡು, ಭಾನುವಾರ ಉದ್ದ ಕ್ಯೂ. "ಮೇಲೆ ಯಾರು ಹೋಗ್ತಾರೆ?" ಅಂದಳು, ಗಾಜು ತೋರಿಸಿ.

ಅಪ್ಪನನ್ನು ಆ ಭಾನುವಾರ ಕರೆದುಕೊಂಡು ಹೋದಾಗ ಎಸ್ಕಲೇಟರುಗಳು ನಿಂತಿದ್ದವು. ಅಪ್ಪ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತರು. ಅವರ ಮೊಣಕಾಲು ಸರಿಯಿಲ್ಲ. ನನ್ನ ಪರಿಚಯದವಳು ನೋಡಿ, ತನ್ನ ಗುಂಪಿನವರನ್ನು ಸರಿಸಿ, ಜಾಗ ಮಾಡಿ, ಬಾ ಅಂತ ಕೈ ಮಾಡಿದಳು. ಅಪ್ಪ ಬೇಡ ಬೇಡ ಅಂದರು. ಆಮೇಲೆ ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಗೋಡೆ ದಾಟಿ ಕೂತರು. ಅವರ ತಟ್ಟೆಗೆ ಶ್ಯಾವಿಗೆಯಂಥದ್ದೇನೋ ಬಿತ್ತು. ಮಾಂಸ ಉಂಟಾ ಅಂತ ನನ್ನನ್ನು ಕೇಳಿದರು, ನಾನು ವಿಚಾರಿಸಿದೆ, ಉಂಟು ಅಂದೆ, ತಟ್ಟೆಯನ್ನು ಮೆಲ್ಲ ನನ್ನ ಕಡೆ ತಳ್ಳಿದರು. ಬದಲಿಗೆ ಒಂದು ಬಾಳೆಹಣ್ಣು ಬಂತು.

ಅಪ್ಪನಿಗೆ ಇಂಗ್ಲಿಷ್ ಮಾತು ಕಮ್ಮಿ. ನಾನು, ಇವರು ಬ್ಯಾಂಕಿನಲ್ಲಿ ದುಡ್ಡು ಎಣಿಸುತ್ತಿದ್ದವರು ಅಂತ ಪರಿಚಯ ಹೇಳಿದೆ. ಎಣಿಸಿ ತೋರಿಸಲಿ ಅಂತ ಒಬ್ಬಳು ಅಂದಳು. ಅಪ್ಪ ಜೇಬಿನಿಂದ ನಾನು ಕೊಟ್ಟಿದ್ದ ನೋಟುಗಳನ್ನು ತೆಗೆದರು, ಸಿಂಹದ ತಲೆ ಇರುವವು. ಆ ಊರಿನಲ್ಲಿ ನೋಟು ಅಚ್ಚು ಹಾಕಿಸುವುದೂ ಈ ಬ್ಯಾಂಕುಗಳೇ. ಒಂದು ತುದಿ ಬೆರಳ ಸಂದಿಯಲ್ಲಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೆಬ್ಬೆರಳಲ್ಲಿ ಸರ್ರನೆ ಬಿಟ್ಟರು. ನಿವೃತ್ತಿಯಾಗಿ ಹನ್ನೆರಡು ವರ್ಷವಾದ ಬೆರಳು ಅವು. ಹೆಂಗಸರು ಹೋ ಅಂದರು. ಪಕ್ಕದ ರಟ್ಟಿನ ಮನೆಯವರೂ ಎದ್ದು ನೋಡಿದರು.

ನನ್ನ ಪರಿಚಯದವಳು ತನ್ನ ಪರ್ಸಿನಿಂದ ಒಂದು ಲಕೋಟೆ ತೆಗೆದಳು. ಆ ತಿಂಗಳು ಊರಿಗೆ ಕಳಿಸಬೇಕಾದದ್ದು. ನಗುತ್ತಲೇ ಅಪ್ಪನ ಕೈಗೆ ಕೊಟ್ಟಳು. ಅಪ್ಪ ನಗಲಿಲ್ಲ. ಬಾಳೆಹಣ್ಣಿನ ಅಂಟನ್ನು ಕರ್ಚೀಫಿಗೆ ಒರೆಸಿಕೊಂಡರು. ನೋಟುಗಳ ಮುಖವನ್ನೆಲ್ಲ ಒಂದೇ ಕಡೆ ಮಾಡಿದರು. ಒಂದು ಸಲ ಎಣಿಸಿದರು. ತಿರುಗಿಸಿ ಇನ್ನೊಂದು ಸಲ ಎಣಿಸಿದರು. ಅಂಚು ತಟ್ಟಿ ಲಕೋಟೆಗೆ ಹಾಕಿ, ಎರಡೂ ಕೈಯಲ್ಲಿ ವಾಪಸು ಕೊಟ್ಟರು.

"ಸರಿ ಉಂಟು" ಅಂದರು, ಕನ್ನಡದಲ್ಲೇ.